ಸೆಳವಿನ ಲೆಕ್ಕ, ರೇಟಿಂಗಿನ ಮಿತಿ: ಸೊಲೆಂಟ್ ಮತ್ತು ಇಂಗ್ಲಿಷ್ ಕಡಲ್ಗಾಲುವೆಯ ಹಾಯಿದೋಣಿ ಸ್ಪರ್ಧೆಗಳ ಫಲಿತಾಂಶವನ್ನು ಕುರಿತು

ಇಂಗ್ಲೆಂಡಿನ ದಕ್ಷಿಣ ಕರಾವಳಿಗೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಸೊಲೆಂಟ್ ಜಲಸಂಧಿ ಇದೆ. ಅಲ್ಲಿನ ಕೌಸ್ ಪಟ್ಟಣದಿಂದ ಹೊರಟು, ದ್ವೀಪವನ್ನು ಒಂದು ಸುತ್ತು ಹಾಕಿ ಮರಳಿ ಕೌಸ್ ಸೇರುವ 'ರೌಂಡ್ ದಿ ಐಲೆಂಡ್' ಸ್ಪರ್ಧೆಯ ದಿನವನ್ನೂ ಹೊತ್ತನ್ನೂ ಗೊತ್ತುಮಾಡುವವರು ಮೊದಲು ಬಿಡಿಸಿ ನೋಡುವುದು ಉಬ್ಬರವಿಳಿತದ ಪಟ್ಟಿಯನ್ನು. ಬೆಳಗಿನ ಇಳಿತ ಪಶ್ಚಿಮಕ್ಕೆ ಹರಿಯುವ ವೇಳೆಗೆ ದೋಣಿಗಳು ಹೊರಡಬೇಕು. ಇಲ್ಲವಾದರೆ ಹರ್ಸ್ಟ್ ಕಿರುದಾರಿಯನ್ನು ದಾಟುವುದರಲ್ಲೇ ಅರ್ಧ ದಿನ ಕಳೆದೀತು. ದೂರ 50 ನಾಟಿಕಲ್ ಮೈಲಿ. ಸ್ಪರ್ಧೆ ಶುರುವಾದದ್ದು 1931ರಲ್ಲಿ. ಸಣ್ಣ ದೋಣಿಗಳಿಗೂ ಗೆಲ್ಲುವ ಅವಕಾಶ ಸಿಗಬೇಕೆಂದು ಮೇಜರ್ ಸಿರಿಲ್ ವಿಂಡೆಲರ್ ಅದನ್ನು ಹುಟ್ಟುಹಾಕಿದರು. 25 ದೋಣಿಗಳಿದ್ದ ಆ ಮೊದಲ ಓಟವನ್ನು ಪೀಟರ್ ಬ್ರೆಟ್ ಅವರ 'ಮೆರ್ರಿ ಕನ್ಸೀಟ್' ಎಂಬ 22 ಅಡಿಯ ಕಾರ್ನಿಷ್ ಮೀನುದೋಣಿ ಗೆದ್ದುಕೊಂಡಿತು. ಹ್ಯಾಂಡಿಕ್ಯಾಪ್ ಇಲ್ಲದೆ ಅದು ಸಾಧ್ಯವಿರಲಿಲ್ಲ.

ಹ್ಯಾಂಡಿಕ್ಯಾಪ್ ಎನ್ನುವುದು ದೋಣಿಗಳ ನಡುವಿನ ವೇಗದ ಅಂತರವನ್ನು ಕಾಗದದ ಮೇಲೆ ಅಳಿಸುವ ಉಪಾಯ. ಇಂದು ಈ ನೀರಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಐಆರ್‌ಸಿ ಪದ್ಧತಿ ದೋಣಿಯ ಉದ್ದ, ತೂಕ, ಹಾಯಿಗಳ ವಿಸ್ತೀರ್ಣ ಮೊದಲಾದವುಗಳಿಂದ ಟಿಸಿಸಿ ಎಂಬ ಒಂದೇ ಗುಣಕವನ್ನು ಕೊಡುತ್ತದೆ. ಸೂತ್ರ ಗುಟ್ಟಿನದು, ಆದರೆ ಬಳಕೆ ಸರಳ: ಓಟಕ್ಕೆ ಹಿಡಿದ ಸಮಯವನ್ನು ಗುಣಕದಿಂದ ಗುಣಿಸಿದರೆ ಪರಿಷ್ಕೃತ ಸಮಯ ಸಿಗುತ್ತದೆ. ಅದು ಯಾರದು ಕಡಿಮೆಯೋ ಅವರು ಗೆದ್ದರು. ಈ ಗುಣಕ ಅಳೆಯುವುದು ನೀರಿನ ಮೇಲೆ ದೋಣಿ ಎಷ್ಟು ಬೇಗ ಸಾಗಬಲ್ಲದು ಎಂಬುದನ್ನು. ಓಟದ ಗುರುತುಗಳು ಮಾತ್ರ ನೆಲಕ್ಕೆ ಕಚ್ಚಿಕೊಂಡಿವೆ. ನೀರೇ ಚಲಿಸುತ್ತಿರುವಾಗ ಈ ಎರಡರ ನಡುವೆ ಬಿರುಕು ಬೀಳುತ್ತದೆ. ಆ ಬಿರುಕನ್ನು ಅದೃಷ್ಟದ ಲೆಕ್ಕಕ್ಕೆ ಬರೆದುಬಿಡುವುದು ಕ್ಲಬ್ಬುಗಳ ವಾಡಿಕೆ. ಅದಕ್ಕೆ ಒಂದು ದಿಕ್ಕಿದೆ, ಅದನ್ನು ಮೊದಲೇ ಲೆಕ್ಕ ಹಾಕಬಹುದು ಎಂಬುದು ಈ ಲೇಖನದ ವಾದ.

ಎರಡು ದೋಣಿಗಳನ್ನು ಊಹಿಸಿಕೊಳ್ಳೋಣ. ನಿಂತ ನೀರಿನಲ್ಲಿ ದೊಡ್ಡದರ ವೇಗ 7 ನಾಟ್, ಸಣ್ಣದರದು 6 ನಾಟ್. ಸಣ್ಣದರ ಗುಣಕ 1 ಎಂದಿಟ್ಟರೆ ದೊಡ್ಡದಕ್ಕೆ ಆರನೆಯ ಏಳು, ಅಂದರೆ ಸುಮಾರು 1.167. ಸೆಳವಿಲ್ಲದ 20 ಮೈಲಿಯಲ್ಲಿ ಇಬ್ಬರ ಪರಿಷ್ಕೃತ ಸಮಯವೂ ಒಂದೇ. ಇದಕ್ಕಿಂತ ನ್ಯಾಯವಾದ ಹ್ಯಾಂಡಿಕ್ಯಾಪ್ ಇನ್ನೊಂದಿಲ್ಲ. ಈಗ ಅದೇ 20 ಮೈಲಿಗೆ 2 ನಾಟ್ ಎದುರು ಸೆಳವು ಹೂಡೋಣ. ನೆಲದ ಮೇಲೆ ದೊಡ್ಡದು 5 ನಾಟ್‌ನಲ್ಲಿ, ಸಣ್ಣದು 4 ನಾಟ್‌ನಲ್ಲಿ ಸಾಗುತ್ತವೆ. ಹಿಡಿಯುವ ಸಮಯ ಕ್ರಮವಾಗಿ 4 ಗಂಟೆ, 5 ಗಂಟೆ. ಪರಿಷ್ಕರಿಸಿದರೆ ದೊಡ್ಡದರದು 4 ಗಂಟೆ 40 ನಿಮಿಷ. ಸಣ್ಣದು 20 ನಿಮಿಷದಿಂದ ಸೋತಿತು. ಅದರ ನಾವಿಕರು ಯಾವ ತಪ್ಪನ್ನೂ ಮಾಡಿಲ್ಲ. ಸಣ್ಣ ದೋಣಿ ಸೆಳವಿನಲ್ಲಿ ಒಂದು ಗಂಟೆ ಹೆಚ್ಚು ಹೊತ್ತು ಇದ್ದುದರಿಂದ ಅದು 30 ಮೈಲಿ ನೀರನ್ನು ಸೀಳಬೇಕಾಯಿತು, ದೊಡ್ಡದಕ್ಕೆ 28 ಮೈಲಿ ಸಾಕಾಯಿತು. ಹೆಸರಿಗೆ ಒಂದೇ ಪಂದ್ಯ, ಓಡಿದ ದೂರ ಬೇರೆಬೇರೆ.

ಸೆಳವು 1 ನಾಟ್‌ಗೆ ಇಳಿದರೆ ಸೋಲಿನ ಅಂತರ 6 ನಿಮಿಷ 40 ಸೆಕೆಂಡಿಗೆ ಇಳಿಯುತ್ತದೆ. ಅಂದರೆ ಸೆಳವು ಇಮ್ಮಡಿಯಾದಾಗ ಅನ್ಯಾಯ ಮುಮ್ಮಡಿಯಾಗಿದೆ. ಈ ಕಡಲಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಒಂದೆರಡು ದಿನದ ನಂತರದ ಸೆಳವು ಅಷ್ಟಮಿಯ ಆಸುಪಾಸಿನದಕ್ಕಿಂತ ಸರಿಸುಮಾರು ಎರಡು ಪಟ್ಟು. ಹಾಗಾಗಿ ಅದೇ ದೋಣಿಗಳು, ಅದೇ ಗಾಳಿ, ಅದೇ ದಾರಿ ಇದ್ದರೂ ತಿಥಿ ಬದಲಾದರೆ ಬಹುಮಾನ ಬೇರೆ ಮನೆಗೆ ಹೋಗಬಹುದು.

ಸೆಳವು ಬೆನ್ನಿಗಿದ್ದರೆ ಫಲ ತಿರುಗುಮುರುಗು. 2 ನಾಟ್ ಅನುಕೂಲ ಸೆಳವಿನಲ್ಲಿ ಸಣ್ಣ ದೋಣಿಗೆ 2 ಗಂಟೆ 30 ನಿಮಿಷ; ದೊಡ್ಡದರ ಪರಿಷ್ಕೃತ ಸಮಯ 2 ಗಂಟೆ 35 ನಿಮಿಷ 33 ಸೆಕೆಂಡು. ಇಲ್ಲಿ ಗಮನಿಸಬೇಕಾದದ್ದು ಅಸಮತೆ. ಎದುರು ಸೆಳವಿನಲ್ಲಿ 20 ನಿಮಿಷ ಕಳೆದುಕೊಂಡ ಸಣ್ಣ ದೋಣಿ ಅಷ್ಟೇ ಬಲದ ಅನುಕೂಲ ಸೆಳವಿನಲ್ಲಿ ಐದೂವರೆ ನಿಮಿಷವನ್ನಷ್ಟೇ ಮರಳಿ ಪಡೆಯಿತು. 'ಹೋಗುವಾಗ ಎದುರು, ಬರುವಾಗ ಬೆನ್ನಿಗೆ, ಅಲ್ಲಿಗಲ್ಲಿಗೆ ಸರಿಹೋಯಿತು' ಎಂಬ ಮಾತು ಹಾಯಿದೋಣಿಯವರಲ್ಲಿ ಕೇಳಿಬರುತ್ತದೆ. ಲೆಕ್ಕ ಅದನ್ನು ಒಪ್ಪುವುದಿಲ್ಲ: ಹೋಗಿಬರುವ 40 ಮೈಲಿಯಲ್ಲಿ ದೊಡ್ಡ ದೋಣಿ ಹದಿನಾಲ್ಕೂವರೆ ನಿಮಿಷದಷ್ಟು ಮುಂದಿರುತ್ತದೆ.

ಅಮೆರಿಕದ ಕ್ಲಬ್ಬುಗಳಲ್ಲಿ ಬಹುಕಾಲ ರೂಢಿಯಲ್ಲಿದ್ದ ಪದ್ಧತಿ ಬೇರೆ. ಅಲ್ಲಿ ಮೈಲಿಗೆ ಇಷ್ಟು ಸೆಕೆಂಡು ಎಂದು ರಿಯಾಯಿತಿ ಕೊಡುತ್ತಾರೆ. ನಮ್ಮ ಸಣ್ಣ ದೋಣಿಗೆ ಅದು ಮೈಲಿಗೆ ಸುಮಾರು 86 ಸೆಕೆಂಡಾಗಿ, 20 ಮೈಲಿಗೆ 28 ನಿಮಿಷ 34 ಸೆಕೆಂಡು ದೊರೆಯುತ್ತದೆ. ಎದುರು ಸೆಳವಿನಲ್ಲಿ ದೋಣಿಗಳ ನಡುವಿನ ನಿಜವಾದ ಅಂತರ ಪೂರಾ ಒಂದು ಗಂಟೆ. ಸಣ್ಣದು ಮೂವತ್ತೊಂದು ನಿಮಿಷಕ್ಕೂ ಮೀರಿ ಸೋಲುತ್ತದೆ. ಅನುಕೂಲ ಸೆಳವಿನಲ್ಲಿ ಸುಮಾರು 12 ನಿಮಿಷದಿಂದ ಗೆಲ್ಲುತ್ತದೆ. ಎರಡು ದಿಕ್ಕಿನಲ್ಲೂ ವಿಕಾರ ಹೆಚ್ಚು. ಓಟ ಲಂಬಿಸಿದಂತೆ ಗುಣಕದ ರಿಯಾಯಿತಿ ತಾನೂ ಬೆಳೆಯುತ್ತದೆ, ಮೈಲಿಯ ರಿಯಾಯಿತಿ ನಿಂತಲ್ಲೇ ನಿಲ್ಲುತ್ತದೆ. ಸೆಳವಿನ ನೀರಿಗೆ ಗುಣಕವೇ ಮೇಲು ಎನ್ನಲು ನನಗೆ ಸಂಕೋಚವಿಲ್ಲ. ಅದು ಗಾಯವನ್ನು ಕಿರಿದು ಮಾಡುತ್ತದೆ, ಮಾಯಿಸುವುದಿಲ್ಲ.

ಮೇಲಿನ ಲೆಕ್ಕದಲ್ಲಿ ದೋಣಿಯ ವೇಗ ಬದಲಾಗದೆಂದು ಊಹಿಸಿದ್ದೇವೆ. ವಾಸ್ತವದಲ್ಲಿ ಸೆಳವು ಗಾಳಿಯನ್ನೂ ತಿದ್ದುತ್ತದೆ. 10 ನಾಟ್ ಗಾಳಿಗೆ ಎದುರಾಗಿ 2 ನಾಟ್ ಸೆಳವು ದೋಣಿಯನ್ನು ಒಯ್ಯುತ್ತಿದ್ದರೆ ಹಾಯಿಗೆ ತಾಗುವುದು 12 ನಾಟ್. ಸೆಳವು ಗಾಳಿಯ ದಿಕ್ಕಿಗೇ ಹರಿಯುತ್ತಿದ್ದರೆ 8 ನಾಟ್. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಇವೆರಡರ ನಡುವೆ ಎರಡೂಕಾಲು ಪಟ್ಟು ವ್ಯತ್ಯಾಸ. ಇದಲ್ಲದೆ, ಗಾಳಿಗೆದುರಾಗಿ ಅಂಕುಡೊಂಕಾಗಿ ಸಾಗುವಾಗ ಗುರಿಯತ್ತ ದಕ್ಕುವ ವೇಗ ಮೊದಲೇ ಕಡಿಮೆ. ಮಂದಗಾಳಿಯಲ್ಲಿ ಒಂದಕ್ಕೆ 3 ನಾಟ್, ಇನ್ನೊಂದಕ್ಕೆ ಎರಡೂವರೆ ದಕ್ಕುತ್ತಿದೆ ಎನ್ನಿ. 2 ನಾಟ್ ಎದುರು ಸೆಳವು ಬಂದರೆ ಉಳಿಯುವುದು ಒಂದಕ್ಕೆ 1 ನಾಟ್, ಇನ್ನೊಂದಕ್ಕೆ ಅರ್ಧ ನಾಟ್. ರೇಟಿಂಗಿನಲ್ಲಿ ಐದನೆಯ ಒಂದಂಶದಷ್ಟಿದ್ದ ಅಂತರ, ನೆಲದ ಮೇಲೆ ಒಂದರ ವೇಗ ಇನ್ನೊಂದರ ಎರಡು ಪಟ್ಟಾಗುವಷ್ಟು ಬೆಳೆಯಿತು.

ಇಷ್ಟೂ ಸೆಳವು ಒಂದೇ ಸಮನೆ ಹರಿಯುವಾಗಿನ ಮಾತು. ಅದು ಸುಮಾರು ಆರು ಗಂಟೆಗೊಮ್ಮೆ ತಿರುಗುತ್ತದೆ, ಭೂಶಿರಗಳಲ್ಲೂ ಕಿರುದಾರಿಗಳಲ್ಲೂ ಒತ್ತಿಕೊಂಡು ಹರಿಯುತ್ತದೆ. ಅಂಥ ಕಡೆ ಕಡಲಿಗೆ ಬಾಗಿಲು ಬಂದಂತೆ. ಎಂಟನೆಯ ಹೆನ್ರಿ 1540ರ ದಶಕದಲ್ಲಿ ಕಟ್ಟಿಸಿದ ಹರ್ಸ್ಟ್ ಕೋಟೆಯ ಎದುರಿನ ಕಿರುದಾರಿ ಒಂದೂವರೆ ಕಿಲೋಮೀಟರಿಗೂ ಕಿರಿದು. ಅಲ್ಲಿ ನೀರು ಏರಿಳಿಯುವುದು ದೊಡ್ಡ ತಿಥಿಗಳಲ್ಲೂ ಎರಡು ಮೀಟರಿನ ಆಚೀಚೆ, ಹೆಚ್ಚುಕಡಿಮೆ ನಮ್ಮ ಕಾರವಾರದಷ್ಟೇ. ಆದರೂ ಸೊಲೆಂಟಿನ ಪಶ್ಚಿಮ ಭಾಗದ ನೀರೆಲ್ಲ ಅದರ ಮೂಲಕವೇ ಹೋಗಬೇಕಾದ್ದರಿಂದ ಸೆಳವು 4 ನಾಟ್ ಮೀರುತ್ತದೆ. ಏರಿಳಿತದ ಎತ್ತರ ನೋಡಿ ಸೆಳವಿನ ಬಲವನ್ನು ಊಹಿಸುವವರು ಎಡವುವುದು ಇಲ್ಲೇ. ಗಾಳಿ ಸೋತ ದಿನ ಈ ಜಾಗದಲ್ಲಿ ದೋಣಿಯ ಹಾಯಿ ತುಂಬಿರುತ್ತದೆ, ಮೂತಿಯಲ್ಲಿ ನೊರೆಯೇಳುತ್ತಿರುತ್ತದೆ. ದಡದ ಗುರುತು ನೋಡಿದರೆ ದೋಣಿ ಹಿಂದಕ್ಕೆ ಸರಿಯುತ್ತಿರುತ್ತದೆ. ಆಗ ಲಂಗರು ಇಳಿಸಿ ನಿಂತವನೇ ಮುಂದಿರುವವನು.

ಬಾಗಿಲಿನ ಲೆಕ್ಕವನ್ನೂ ಹಾಕಿ ನೋಡಬಹುದು. ಬಾಗಿಲು 42 ಮೈಲಿ ದೂರವಿದ್ದು ಅಲ್ಲಿಯವರೆಗೆ ಸೆಳವಿಲ್ಲ ಎನ್ನೋಣ; ದೊಡ್ಡ ದೋಣಿ 6 ಗಂಟೆಗೆ, ಸಣ್ಣದು 7 ಗಂಟೆಗೆ ತಲುಪುತ್ತವೆ. ಆರೂವರೆ ಗಂಟೆಗೆ ಬಾಗಿಲು ಮುಚ್ಚಿ ಇನ್ನು ಆರು ಗಂಟೆ ತೆರೆಯದಿದ್ದರೆ ಸಣ್ಣ ದೋಣಿ ಅದನ್ನು ದಾಟುವುದು ಹನ್ನೆರಡೂವರೆ ಗಂಟೆಗೆ. ದೊಡ್ಡದರ ಪರಿಷ್ಕೃತ ಸಮಯ 7 ಗಂಟೆ. ಅಲ್ಲಿ ಓಟ ಮುಗಿಯಿತು. ಅದರ ಬದಲು ಬಾಗಿಲು ಏಳನೆಯ ಗಂಟೆಯವರೆಗೆ ಮುಚ್ಚಿದ್ದು ಆಮೇಲೆ ತೆರೆದರೆ, ದೊಡ್ಡದು ಒಂದು ಗಂಟೆ ಕಾದು ಸಣ್ಣದರ ಜೊತೆಯಲ್ಲೇ ದಾಟುತ್ತದೆ, ಪರಿಷ್ಕೃತ ಸಮಯದಲ್ಲಿ 70 ನಿಮಿಷ ಹಿಂದೆ ಬೀಳುತ್ತದೆ. 1925ರಲ್ಲಿ ಏಳು ದೋಣಿಗಳೊಡನೆ ಶುರುವಾದ ಫಾಸ್ಟ್‌ನೆಟ್ ಸ್ಪರ್ಧೆಯಲ್ಲಿ ಪೋರ್ಟ್‌ಲೆಂಡ್ ಬಿಲ್, ಸ್ಟಾರ್ಟ್ ಪಾಯಿಂಟ್, ಲಿಜರ್ಡ್ ಎಂದು ಇಂಥ ಬಾಗಿಲುಗಳ ಸಾಲೇ ಇದೆ. 2021ರಿಂದ ಓಟ ಪ್ಲಿಮತ್ ಬದಲು ಫ್ರಾನ್ಸಿನ ಶೆರ್ಬೂರ್‌ನಲ್ಲಿ ಮುಗಿಯುತ್ತಿದ್ದು, ಕೊನೆಯ ಗಳಿಗೆಯಲ್ಲಿ ಆಲ್ಡರ್ನಿ ದ್ವೀಪದ ಬಳಿಯ ಭೀಕರ ಸೆಳವೂ ಪಾಲಿಗೆ ಬರುತ್ತದೆ. 2013ರಲ್ಲಿ ಪಾಸ್ಕಲ್ ಮತ್ತು ಅಲೆಕ್ಸಿಸ್ ಲ್ವಾಜೋನ್ ಎಂಬ ತಂದೆ-ಮಗ ಇಬ್ಬರೇ 33 ಅಡಿಯ ದೋಣಿಯಲ್ಲಿ ಇಡೀ ಫಾಸ್ಟ್‌ನೆಟ್ಟನ್ನು ಗೆದ್ದರು. ಇಬ್ಬರೇ ನಡೆಸಿದ ದೋಣಿಗೆ ಒಟ್ಟಾರೆ ಪ್ರಶಸ್ತಿ ಸಂದದ್ದು ಅದೇ ಮೊದಲು. ಅವರ ನೈಪುಣ್ಯ ನಿರ್ವಿವಾದ. ಆದರೆ 'ಇದು ದೊಡ್ಡ ದೋಣಿಯ ವರ್ಷ, ಅದು ಸಣ್ಣ ದೋಣಿಯ ವರ್ಷ' ಎಂದು ಫಾಸ್ಟ್‌ನೆಟ್ ವಲಯದಲ್ಲಿ ಆಡಿಕೊಳ್ಳುವುದೂ ಸುಮ್ಮನೆ ಅಲ್ಲ.

ಸೆಳವನ್ನು ಓದುವುದೇ ನಾವಿಕನ ಜಾಣ್ಮೆ, ಹ್ಯಾಂಡಿಕ್ಯಾಪ್ ಅದನ್ನು ಯಾಕೆ ಅಳಿಸಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ದಡದ ಹತ್ತಿರ ಸೆಳವು ಸಡಿಲ. ಆಳ ಬೇಡದ ಸಣ್ಣ ದೋಣಿ ಅಲ್ಲಿ ನುಸುಳಿ ಎದುರು ಸೆಳವನ್ನು ವಂಚಿಸಬಹುದು, ಆಳದ ಅಡಿಯುಳ್ಳ ದೊಡ್ಡದಕ್ಕೆ ಆ ಧೈರ್ಯವಿಲ್ಲ. ಆದರೆ ಬಾಗಿಲಿಗೆ ಯಾವ ಗಂಟೆಗೆ ಬರಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ದೋಣಿಯ ಉದ್ದ ಮತ್ತು ಸಂಘಟಕರ ಗಡಿಯಾರ. ರೌಂಡ್ ದಿ ಐಲೆಂಡ್‌ನಲ್ಲಿ 2017ರಲ್ಲಿ 70 ಅಡಿಯ 'ಕನ್ಸೈಸ್ 10' ಎಂಬ ಮೂರೊಡಲಿನ ದೋಣಿ 2 ಗಂಟೆ 22 ನಿಮಿಷದಲ್ಲಿ ದ್ವೀಪ ಸುತ್ತಿತು. ಒಂದು ಇಳಿತ ಮುಗಿಯುವ ಮೊದಲೇ ಅದರ ಓಟ ಮುಗಿದಿತ್ತು. ಹತ್ತು ಗಂಟೆ ತೆಗೆದುಕೊಳ್ಳುವ ಕುಟುಂಬದ ದೋಣಿ ಇಳಿತ, ಉಬ್ಬರ ಎರಡನ್ನೂ ಕಾಣುತ್ತದೆ. ಇವೆರಡನ್ನು ಹೋಲಿಸುವ ಗುಣಕ ಯಾವುದೇ ಇರಲಿ, ಅದು ಎರಡು ಬೇರೆ ಕಡಲುಗಳನ್ನು ಹೋಲಿಸುತ್ತಿದೆ. ವೇಗದ ಅಂತರ ಕಿರಿದಾಗಿರುವಂತೆ ವರ್ಗಗಳನ್ನು ವಿಂಗಡಿಸುವುದು, ಹೊರಡುವ ಗಂಟೆ ಯಾರಿಗೆ ಅನುಕೂಲವೆಂದು ಮೊದಲೇ ಲೆಕ್ಕ ಹಾಕುವುದು, ಇವು ಸೂತ್ರವನ್ನು ಮತ್ತಷ್ಟು ಸೂಕ್ಷ್ಮಗೊಳಿಸುವುದಕ್ಕಿಂತ ಹೆಚ್ಚು ಉಪಯುಕ್ತ ಎಂದು ನನಗನ್ನಿಸುತ್ತದೆ.

ಸೂತ್ರ ಸೂಕ್ಷ್ಮವಾದಷ್ಟೂ ಸೆಳವಿಗೆ ಹೆಚ್ಚು ಸಿಕ್ಕಿಬೀಳುವ ಉದಾಹರಣೆಯೂ ಇದೆ. ಓಆರ್‌ಸಿ ಎಂಬ ಇನ್ನೊಂದು ರೇಟಿಂಗ್ ಪದ್ಧತಿಯ ಒಂದು ಬಗೆಯಲ್ಲಿ ದೋಣಿ ತೆಗೆದುಕೊಂಡ ಸಮಯದಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ, ಅದು ಎಂಥ ಗಾಳಿಯಲ್ಲಿ ಓಡಿರಬೇಕೆಂದು ಅಂದಾಜಿಸುತ್ತಾರೆ. ಎದುರು ಸೆಳವಿನಲ್ಲಿ ಸಮಯ ಲಂಬಿಸಿದರೆ ಸೂತ್ರ ಅದನ್ನು ಮಂದಗಾಳಿ ಎಂದೇ ತಿಳಿಯುತ್ತದೆ. ಮಂದಗಾಳಿಯ ಹಗುರ ದೋಣಿಗೂ ಬಿರುಗಾಳಿಯ ಗಟ್ಟಿ ದೋಣಿಗೂ ಆಗ ಸಲ್ಲದ ರೇಟಿಂಗ್ ಸಲ್ಲುತ್ತದೆ. ಬ್ರಿಟನ್ನಿನ ಡಿಂಗಿ ಕ್ಲಬ್ಬುಗಳ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಇದಕ್ಕೆ ವಿರುದ್ಧ ತುದಿಯಲ್ಲಿದೆ: ಅಳತೆಪಟ್ಟಿಯ ಗೊಡವೆಯಿಲ್ಲ, ಕ್ಲಬ್ಬುಗಳು ಕಳಿಸಿದ ಫಲಿತಾಂಶಗಳಿಂದಲೇ ಪ್ರತಿ ಬಗೆಯ ದೋಣಿಗೂ ಒಂದು ಸಂಖ್ಯೆ ಹುಟ್ಟುತ್ತದೆ. ಆ ಫಲಿತಾಂಶಗಳು ಕೆರೆಯ ನಿಂತ ನೀರಿನಿಂದಲೂ ಬರುತ್ತವೆ, ಸೆಳವಿನ ಅಳಿವೆಗಳಿಂದಲೂ ಬರುತ್ತವೆ. ಆದಕಾರಣ ಅಳಿವೆಯ ಕ್ಲಬ್ಬೊಂದು ರಾಷ್ಟ್ರೀಯ ಸಂಖ್ಯೆಯನ್ನು ತನ್ನ ನೀರಿಗೆ ತಕ್ಕಂತೆ ತಿದ್ದಿಕೊಳ್ಳುವುದು ಪದ್ಧತಿಯ ಆಶಯಕ್ಕೆ ಒಪ್ಪುವಂಥದ್ದು. ತಿದ್ದುವಾಗ ಪ್ರತಿ ಓಟದ ಪಕ್ಕದಲ್ಲಿ ಸೆಳವಿನ ದಿಕ್ಕನ್ನೂ ತಿಥಿಯನ್ನೂ ಬರೆದಿಟ್ಟುಕೊಂಡಿದ್ದರೆ ದೋಣಿಯ ಗುಣವನ್ನು ನೀರಿನ ಗುಣದಿಂದ ಬೇರ್ಪಡಿಸುವುದು ಸಾಧ್ಯವಾಗುತ್ತದೆ. ಹೊರಟ ಗಂಟೆ, ತಲುಪಿದ ಗಂಟೆ ಮಾತ್ರ ಇರುವ ಪಟ್ಟಿಯಿಂದ ಸಾಧ್ಯವಿಲ್ಲ.