ಕಾಚಿಗುಡದ ಮಾಸ್ತರರು

ಕಾಚಿಗುಡ ಎಂದೊಡನೆ ಹೈದರಾಬಾದಿನ ಕನ್ನಡಿಗರಾದ ನಮಗೆ ನೆನಪಾಗುವುದು ನೃಪತುಂಗ ಶಾಲೆ. ಅದೇ ಕಾಚಿಗುಡದ ಮಿಡ್ಲ್ ಸ್ಕೂಲಿನಲ್ಲಿ ಒಂದು ಕಾಲಕ್ಕೆ ಸೈಯದ್ ಅಬ್ದುಲ್ ರಹೀಮ್ ಎಂಬವರು ಪಾಠ ಹೇಳುತ್ತಿದ್ದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1909ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಇವರು ಮುಂದೆ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದು, ದಾರುಲ್ ಉಲೂಮ್ ಮತ್ತು ಚಾದರ್‌ಘಾಟ್ ಹೈಸ್ಕೂಲುಗಳಲ್ಲಿ ಆಟೋಟಗಳ ಹೊಣೆ ಹೊತ್ತರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಡ್ರಿಲ್ ಮಾಸ್ತರರು.

1943ರಿಂದ ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್ ತಂಡ ಇವರ ಕೈಗೆ ಬಂತು. 1950ರಿಂದ 1954ರವರೆಗೆ ಸತತ ಐದು ಸಲ ಮುಂಬಯಿಯ ರೋವರ್ಸ್ ಕಪ್ ಆ ತಂಡದ್ದೇ. ಭಾರತ 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತಾದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದದ್ದು ಇವರ ತರಬೇತಿಯಲ್ಲಿಯೇ. ಪಂದ್ಯ ಏರ್ಪಡಿಸುವಾಗಲೂ ಮೇಷ್ಟರ ಬುದ್ಧಿ ಬಿಡಲಿಲ್ಲ: ಬಲಗಾಲು ಪಳಗಿದವನು ಎಡಗಾಲಿನಲ್ಲೇ ಒದೆಯಬೇಕು! ಜಕಾರ್ತಾದ ಮರುವರ್ಷ, 1963ರ ಜೂನ್‌ನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು.

ಅಂಥ ಮಾಸ್ತರರಿದ್ದ ಊರಿನಲ್ಲಿ ಇಂದು ನಮ್ಮ ಮಕ್ಕಳ ಗತಿ ಏನು? 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಆಟದ ಬಯಲು ಬೇಕೆನ್ನುತ್ತದೆ. ವ್ಯಾಯಾಮ ಶಿಕ್ಷಕರ ಮಾತು ಬರುವುದು ಮಾತ್ರ 6ರಿಂದ 8ನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದಾಗ, ಅದೂ ಅರೆಕಾಲಿಕ. ಮೊದಲ ಐದು ತರಗತಿಗಳಿಗೆ ಆ ಪ್ರಸ್ತಾಪವೇ ಇಲ್ಲ. ಮೈ ಬಲಿಯುವ ವಯಸ್ಸು ಅದೇ ಅಲ್ಲವೆ? ಕಾಯಿದೆಯನ್ನಷ್ಟೇ ದೂರಿ ಫಲವಿಲ್ಲ. ಮಗುವನ್ನು ಸೇರಿಸಲು ಹೋದಾಗ ನಾವು ಫೀಸು, ಮಾಧ್ಯಮ, ಬಸ್ಸು ಎಲ್ಲವನ್ನೂ ವಿಚಾರಿಸುತ್ತೇವೆ. ಡ್ರಿಲ್ ಮಾಸ್ತರರು ಇದ್ದಾರೆಯೇ ಎಂದು ಕೇಳಿದವರು ನಮ್ಮಲ್ಲಿ ವಿರಳ.