ತರಳಾ ಎಂದು ಕರೆದವರು



ಮರುಳಸಿದ್ಧರು ಮಾಘಮಾಸದ ಹುಣ್ಣಿಮೆಯಂದು ಶಿಷ್ಯನನ್ನು ಸದ್ಧರ್ಮ ಪೀಠದ ಮೇಲೆ ಕುಳ್ಳಿರಿಸಿ "ತರಳಾ, ಬಾಳು" ಎಂದು ಹರಸಿದರೆಂಬುದು ನಮ್ಮ ಪರಂಪರೆಯ ಮಾತು. ಶಿಷ್ಯನ ಕುಲವನ್ನು ಗುರುಗಳು ಎತ್ತಲಿಲ್ಲ, ವಿದ್ಯೆಯನ್ನೂ ಎತ್ತಲಿಲ್ಲ. ಮಗುವೇ ಎಂದು ಕರೆದರು. ಮನುಷ್ಯನಿಗೆ ತಾನು ಯಾರೆಂಬ ಅರಿವು ಮೊದಲು ಹುಟ್ಟುವುದು ಇನ್ನೊಬ್ಬರು ಕರೆಯುವ ಕರೆಯಿಂದ.

ಇದನ್ನು ಏಕೆ ಹೇಳಬೇಕಾಯಿತೆಂದರೆ, ಸೋಮವಾರಗಳಂದು ಸಿರಿಗೆರೆಯ ಸದ್ಧರ್ಮ ನ್ಯಾಯಪೀಠದ ಮುಂದೆ ಬಂದು ನಿಲ್ಲುವವರನ್ನು ತಾವು ನೋಡಿದ್ದೀರಿ. ಒಂದೇ ತಾಯಿಯ ಮಕ್ಕಳು. ಇಬ್ಬರ ಎದೆಯ ಮೇಲೂ ಲಿಂಗವಿದೆ, ಇಬ್ಬರೂ ಪೂಜೆ ತಪ್ಪಿಸುವವರಲ್ಲ. ಆದರೆ ತೋಟದ ಬದುವಿನ ಒಂದು ಮೊಳಕ್ಕಾಗಿ ಮಾತು ಬಿಟ್ಟು ವರ್ಷಗಳಾಗಿರುತ್ತವೆ!

ಪಂಚಾಚಾರಗಳಲ್ಲಿ ಲಿಂಗಾಚಾರವೊಂದನ್ನು ಕದ ಮುಚ್ಚಿಕೊಂಡು ಒಬ್ಬರೇ ಆಚರಿಸಬಹುದು. ಮಿಕ್ಕ ನಾಲ್ಕಕ್ಕೆ ಇನ್ನೊಬ್ಬ ಮನುಷ್ಯ ಬೇಕು. ಸದಾಚಾರಕ್ಕೆ ಕಾಯಕ ಬೇಕು. ಕಾಯಕವೆಂದ ಮೇಲೆ ಕೊಳ್ಳುವವನೂ ಕೂಲಿಯವನೂ ಇದ್ದೇ ಇರುತ್ತಾರೆ. ಲಿಂಗವಂತರಲ್ಲಿ ಮೇಲುಕೀಳೆಣಿಸದಿರುವುದು ಶಿವಾಚಾರ. ಗಣಾಚಾರಕ್ಕೆ ಗಣವೇ ಬೇಕು. ಇನ್ನು ಭೃತ್ಯಾಚಾರ. ಭೃತ್ಯನೆಂದರೆ ಸೇವಕ. ಯಾರ ಸೇವಕ? ಇಲ್ಲಿ ಮಾತ್ರ ಎಲ್ಲೆ ಹಾಕಿಲ್ಲವೆಂದೇ ನಮ್ಮ ತಿಳಿವು.

ಇದಕ್ಕೆ ಶಾಸ್ತ್ರಕ್ಕಿಂತ ನಮ್ಮ ಸೀಮೆಯ ಇತಿಹಾಸವೇ ಒಳ್ಳೆಯ ಸಾಕ್ಷಿ. ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು ತರಳಬಾಳು ಹುಣ್ಣಿಮೆಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದ್ದು 1950ರಲ್ಲಿ, ಜಗಳೂರಿನಲ್ಲಿ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೆ. ಮೂರೂ ದಾವಣಗೆರೆ ಜಿಲ್ಲೆಗೆ ಬಂದದ್ದು 1997ರಲ್ಲಿ. ನ್ಯಾಮತಿ ಹೊನ್ನಾಳಿಯಿಂದ ಬೇರೆ ತಾಲ್ಲೂಕಾದದ್ದು ಇನ್ನೂ ಈಚೆಗೆ. (ಸರ್ಕಾರದ ಗಡಿಗಳು ಬದಲಾಗುತ್ತಲೇ ಇರುತ್ತವೆ, ತೋಟದ ಬದುವಿನ ಹಾಗೆ!)

ಅಂದಿನ ಉತ್ಸವಕ್ಕೆ ಮುಂದಾಳಾಗಿ ನಿಂತವರು ಜಗಳೂರಿನ ಮಹಮ್ಮದ್ ಇಮಾಂ ಸಾಹೇಬರು. ಮುಂದೆ 1957ರಲ್ಲಿಯೂ 1967ರಲ್ಲಿಯೂ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದವರು. ಅವರು ಲಿಂಗ ಕಟ್ಟಿಕೊಳ್ಳಲಿಲ್ಲ, ಮಹಾಸ್ವಾಮಿಗಳು ಕಟ್ಟಿಕೊಳ್ಳಿರೆನ್ನಲೂ ಇಲ್ಲ. ಅವರು ಅವರಾಗಿಯೇ ಇದ್ದು ನಮ್ಮ ಕೆಲಸಕ್ಕೆ ಹೆಗಲು ಕೊಟ್ಟರು. ಸಂಬಂಧವೆಂದರೆ ಇನ್ನೊಬ್ಬನನ್ನು ನಮ್ಮಂತೆ ಮಾಡಿಕೊಳ್ಳುವುದೆಂದು ಬಹುಮಂದಿ ಭಾವಿಸುತ್ತಾರೆ. ಅಂದು ಜಗಳೂರಿನಲ್ಲಿ ನಡೆದದ್ದು ಅದಲ್ಲ. ಭೃತ್ಯಾಚಾರವನ್ನು ನಾವು ಅವರಿಗೆ ಬೋಧಿಸಲಿಲ್ಲ. ಅವರೇ ನಮಗೆ ಮಾಡಿ ತೋರಿಸಿದರು. ಆ ಋಣ ನಮ್ಮ ಮೇಲಿದೆ.

2018ರಲ್ಲಿ ಹುಣ್ಣಿಮೆ ಪುನಃ ಜಗಳೂರಿಗೆ ಬಂದಾಗ ಅಲ್ಲಿ ಕೇಳಿದ ದೊಡ್ಡ ಮಾತು ನೀರಿನದು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನೆತ್ತಿ, ಬರದ ಆ ತಾಲ್ಲೂಕಿನ 57 ಕೆರೆಗಳಿಗೆ ಹರಿಸುವ ಯೋಜನೆ. ಹೊನ್ನಾಳಿಯ ದಡವನ್ನು ತೊಳೆದು ಮುಂದೆ ಹೋದ ಹೊಳೆಯೇ ಅದು. ಇಲ್ಲಿಯವರು ಕಾಲು ತೊಳೆದ ನೀರು ಅಲ್ಲಿಯವರ ಹೊಲಕ್ಕೆ.