ನೂಲುವ ಕೈಗೆ ನಾರಿನ ಪಾಠ

ಚರಕದ ಕಥೆ ಹೇಳುವವರು ಸಾಮಾನ್ಯವಾಗಿ ಸಬರಮತಿಯಿಂದ ಶುರು ಮಾಡುತ್ತಾರೆ. ಕನ್ನಡದವರು ಇನ್ನೂ ಹಿಂದಕ್ಕೆ ಹೋಗಬಹುದು. 12ನೇ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಕಾಯಕವೇ ನೂಲುವುದು. ಅವಳ ವಚನವೊಂದರಲ್ಲಿ ರಾಟೆಯ ಅಂಗಾಂಗಗಳೆಲ್ಲ ಬರುತ್ತವೆ. ಇತಿಹಾಸಕಾರ ಇರ್ಫಾನ್ ಹಬೀಬ್ ಚರಕದ ಆರಂಭದ ಉಲ್ಲೇಖಕ್ಕೆ ಬೆರಳಿಟ್ಟದ್ದು 1350ರ ಇಸಾಮಿಯ ಪಾರ್ಸಿ ಕಾವ್ಯದ ಮೇಲೆ. ಅದೂ ಬಹಮನಿ ಆಶ್ರಯದಲ್ಲಿ ಹುಟ್ಟಿದ್ದು.

ಉಪಕರಣ ಯಾವುದೇ ಇರಲಿ, ಕೈಗೆ ಪಾಠ ಹೇಳುವುದು ನಾರು. ಹತ್ತಿಯ ಎಳೆ ಎರಡು-ಮೂರು ಸೆಂಟಿಮೀಟರ್ ಅಷ್ಟೆ. ಬಲಗೈ ರಾಟೆ ತಿರುಗಿಸುತ್ತಿದ್ದಂತೆ ಎಡಗೈ ಹಂಜಿಯನ್ನು ಹಿಂದಕ್ಕೆ ಜಗ್ಗುತ್ತ ಹೋಗಬೇಕು. ಬೆರಳು ಬಿಗಿಯಾದರೆ ನೂಲು ಹರಿಯುತ್ತದೆ, ಸಡಿಲಾದರೆ ಗಂಟುಗಂಟಾಗುತ್ತದೆ. ಗಿಡ್ಡ ನಾರುಗಳು ಒಂದನ್ನೊಂದು ಹಿಡಿದು ನಿಲ್ಲಲು ಹುರಿಯೂ ಹೆಚ್ಚು ಬೇಕು. ಕುರಿಯ ಉಣ್ಣೆ ಇದಕ್ಕಿಂತ ಉದ್ದ. ಕೂದಲಿನ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಹೊಸಬರ ಕೈ ತಪ್ಪಿದರೂ ಎಳೆ ತಟ್ಟನೆ ಕೈಬಿಡುವುದಿಲ್ಲ. ಹಾಗಾಗಿ ಉಣ್ಣೆಯಿಂದ ಶುರು ಮಾಡುವುದೇ ಜಾಣತನ. ಗಾಂಧೀಜಿಯ ಮೂಲಶಿಕ್ಷಣದ ಶಾಲೆಗಳು ಮಕ್ಕಳಿಗೆ ತಕಲಿ, ಅಂದರೆ ಕೈಯಲ್ಲೇ ತಿರುಗಿಸುವ ಕದಿರು, ಕೊಟ್ಟು ಕೂರಿಸಿದ್ದು ಮಾತ್ರ ಹತ್ತಿಯ ಮುಂದೆ!

ರೇಷ್ಮೆಯದು ಬೇರೆಯೇ ದಾರಿ. ಹಿಪ್ಪುನೇರಳೆ ತಿನ್ನುವ ಹುಳು ನೂರಾರು ಮೀಟರ್ ಎಳೆಯನ್ನು ತಾನೇ ಸುತ್ತಿಟ್ಟಿರುತ್ತದೆ. ರಾಮನಗರದ ಕಡೆ ನಡೆಯುವುದು ಅದರ ಬಿಚ್ಚಾಣಿಕೆ. ಅಸ್ಸಾಮಿನ ಎರಿ ಗೂಡಿಗೆ ಬಾಯಿ ತೆರೆದಿರುವುದರಿಂದ ಅಲ್ಲಿ ರೇಷ್ಮೆಯನ್ನೂ ಹತ್ತಿಯಂತೆ ನೂಲುತ್ತಾರೆ.

20ನೇ ಶತಮಾನದ ಸುಧಾರಣೆಗಳು ಹೆಚ್ಚಾಗಿ ಹತ್ತಿಯ ಸುತ್ತಲೇ ನಡೆದವು. ಗಾಂಧೀಜಿಗಾಗಿ ಗಂಗಾಬೆನ್ ಮಜುಮದಾರ್ ಹಳೆಯ ರಾಟೆಗಳನ್ನು ಪತ್ತೆಮಾಡಿದ್ದು ಬರೋಡಾ ಸಂಸ್ಥಾನದ ವಿಜಾಪುರದಲ್ಲಿ. 1925ರಲ್ಲಿ ಅಖಿಲ ಭಾರತ ಚರಖಾ ಸಂಘ ಹುಟ್ಟಿತು. 1929ರಲ್ಲಿ ಉತ್ತಮ ಚರಕಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಯರವಡಾ ಜೈಲಿನ ಹೆಸರು ಹೊತ್ತ ಪೆಟ್ಟಿಗೆ ಚರಕ ಬಂತು. ನಿಜವಾದ ತಿರುವು 1950ರ ದಶಕದಲ್ಲಿ ಹರಡಿದ ಅಂಬರ ಚರಕ. ತಮಿಳುನಾಡಿನ ಏಕಾಂಬರನಾಥರು ರೂಪಿಸಿದ ಇದರಲ್ಲಿ ಮಿಲ್ಲಿನಂತೆ ರೋಲರುಗಳೇ ನಾರನ್ನು ಜಗ್ಗುತ್ತವೆ, ಹಲವು ಕದಿರುಗಳು ಒಟ್ಟಿಗೆ ತಿರುಗುತ್ತವೆ. ನೂಲು ಹೆಚ್ಚಿತು, ಸಮನಾಯಿತು. ಎಡಗೈಯ ವಿದ್ಯೆ ಮಾತ್ರ ಯಂತ್ರದ ಪಾಲಾಯಿತು. ಇದನ್ನು ನಷ್ಟವೆಂದು ಮರುಗುವುದು ನೂಲಿ ಹೊಟ್ಟೆ ಹೊರೆಯದವರಿಗೆ ಸುಲಭ. ಧಾರವಾಡದ ಗರಗ, ಹುಬ್ಬಳ್ಳಿಯ ಬೆಂಗೇರಿಗಳಲ್ಲಿ ರಾಷ್ಟ್ರಧ್ವಜದ ಖಾದಿಯೇ ಅನೇಕ ಹೆಂಗಸರ ಅನ್ನವಾಗಿತ್ತು. ಯಂತ್ರದಲ್ಲಿ ನೇಯ್ದ, ಪಾಲಿಯೆಸ್ಟರಿನ ಧ್ವಜಗಳಿಗೂ 2021ರ ಡಿಸೆಂಬರಿನ ತಿದ್ದುಪಡಿ ಒಪ್ಪಿಗೆ ಕೊಟ್ಟ ಮೇಲೆ ಆ ಅನ್ನಕ್ಕೂ ಪೈಪೋಟಿ ಬಂದಿದೆ.

ಉಣ್ಣೆಯ ರಾಟೆಗೆ ಅಂಥ ದೊಡ್ಡ ಬಹುಮಾನ ಯಾರೂ ಸಾರಲಿಲ್ಲ. ಚಳ್ಳಕೆರೆ ಸೀಮೆಯ ಕುರುಬರ ಮನೆಗಳಲ್ಲಿ ಹೆಂಗಸರು ದಖನಿ ಕುರಿಯ ಒರಟು ಉಣ್ಣೆಯನ್ನು ನೂಲುತ್ತಾರೆ, ಗಂಡಸರು ಗುಂಡಿಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ಹುಣಸೆ ಬೀಜದ ಗಂಜಿ ಎಳೆಗೆ ಬಿರುಸು ಕೊಡುತ್ತದೆ. ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟದ ಕಡೆಗಳಿವೆ. ನೂಲುವುದನ್ನು ಕಲಿಯಬೇಕೆನ್ನುವ ಪೇಟೆಯ ಜನ ಹೊರದೇಶದ ಮೆರಿನೋ ತರಿಸುವ ಮೊದಲು ಅಲ್ಲಿಗೆ ಹೋಗಿ, ಒಳ್ಳೆಯ ಬೆಲೆ ಕೊಟ್ಟು ಎರಡು ಕಿಲೊ ಕರಿಯುಣ್ಣೆ ತರಲಿ.